ಚಂಪಕ್ಕನ ಹೊರೆ

ಆ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಹಿಂದಿನ ಎರಡು ದಿನ ಪಡುವಣ ಗಾಳಿ ಬಯಲಿನ ಬಿಳಿ ಮಣ್ಣನ್ನೆಲ್ಲ ಎಬ್ಬಿಸಿ ಊರ ಮೇಲೆ ಸುರಿದಿತ್ತು. ಕೊಡದ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೂ ಒಂದು ಪದರ ಕೂತಿತ್ತು. ಮೂರನೆಯ ದಿನ ಎದ್ದು ಬಾಗಿಲು ತೆಗೆದರೆ ಎಲ್ಲವೂ ನಿಂತುಬಿಟ್ಟಿದೆ. ಮಂಜು ನೆಲದಿಂದ ಮೊಳಕಾಲೆತ್ತರಕ್ಕೆ ಮಾತ್ರ ಇತ್ತು, ಅದರ ಮೇಲೆ ಆಕಾಶ ತೊಳೆದಿಟ್ಟಷ್ಟು ಸ್ವಚ್ಛ. ಒಲೆಯ ಹೊಗೆ ಬಾಗದೆ ನೆಟ್ಟಗೆ ಮೇಲೇರುವುದನ್ನು ಕಂಡು ನನ್ನ ಗಂಡ ಫಕೀರಪ್ಪ, "ಇವತ್ತ ಚೊಂಬು ಏರತೈತಿ ನೋಡು," ಎಂದ.

ಚೊಂಬು ಎಂದರೆ ಜನರನ್ನು ಆಕಾಶದ ಅಂಚಿಗೆ ಒಯ್ದು ತರುವ ಯಾನ. ಕಂಪನಿಯವರು ಅದಕ್ಕೊಂದು ಉದ್ದನೆಯ ಹೆಸರು ಇಟ್ಟಿದ್ದಾರೆ, ನಮ್ಮ ನಾಲಿಗೆ ಹೊರಳುವುದಿಲ್ಲ. ಬೋರಲು ಹಾಕಿದ ಚೊಂಬಿನ ಹಾಗೆ ಕಾಣುತ್ತದೆಂದು ನಮ್ಮವರು ಚೊಂಬು ಎಂದರು, ಅದೇ ನಿಂತಿತು. ಎತ್ತರದ ರಾಕೆಟ್ಟಿನ ನೆತ್ತಿಯ ಮೇಲೆ ಅದು ಕೂತಿರುತ್ತದೆ. ಒಳಗೆ ಆರು ಜನ ಪ್ರಯಾಣಿಕರು, ನಡೆಸಲು ಒಬ್ಬ ಕ್ಯಾಪ್ಟನ್. ಮೇಲೆ ಹೋಗಿ, ನಾಲ್ಕು ನಿಮಿಷ ತೇಲಾಡಿ, ಮೂರು ಪ್ಯಾರಾಶೂಟು ಬಿಚ್ಚಿಕೊಂಡು ನಮ್ಮ ಬಯಲಿಗೇ ಇಳಿಯುತ್ತಾರೆ. ಒಲೆಯ ಮೇಲೆ ಅನ್ನಕ್ಕೆ ಇಟ್ಟು ಹೋದವರು ಅದು ಬೇಯುವಷ್ಟರಲ್ಲಿ ಬಂದಿರುತ್ತಾರೆ. ಆಕಾಶಕ್ಕೆ ಹೋದವರು ಚೊಂಬು ಹಿಡಿದುಕೊಂಡು ಬಂದರು ಎಂದು ಪಕ್ಕದೂರಿನವರು ನಗುತ್ತಾರೆ. ನಾವೂ ನಗುತ್ತೇವೆ.

ಹೋದವರ ಮೈಭಾರ ನಮ್ಮ ಹತ್ತಿರ ಇರುತ್ತದೆ. ಒಬ್ಬೊಬ್ಬ ಪ್ರಯಾಣಿಕರಿಗೆ ಊರಿನ ಒಬ್ಬೊಬ್ಬರು. ನಮಗೆ ಹೊರೆಯವರು ಎನ್ನುತ್ತಾರೆ. ನಾನು ಕೌದಿ ಹೊಲಿಯುವವಳು, ಹೊರೆಯ ಕೆಲಸ ನಮ್ಮವ್ವನಿಂದ ಬಂದದ್ದು. ಚೊಂಬು ಏರುವ ದಿನ ಹೊರೆಯವರೆಲ್ಲ ನೆಲದಮ್ಮನ ಗುಡಿಯಲ್ಲಿ ಕೂರುತ್ತೇವೆ. ನಮ್ಮ ದೇವಿಗೆ ಎತ್ತರವಿಲ್ಲ. ಗುಡಿಯ ನೆಲದ ಮಟ್ಟಕ್ಕೇ ಹಾಸಿದ ಒಂದು ಕರಿಯ ಚಪ್ಪಡಿ, ಅಷ್ಟೆ. ಅವಳನ್ನು ನೋಡಬೇಕಾದರೆ ಎಂಥವನೂ ತಲೆ ತಗ್ಗಿಸಬೇಕು. ಪ್ರಯಾಣಿಕರು ಏರುವ ಮೊದಲು ಬಂದು ನಮ್ಮ ಎದುರು ಕೂತು ಅಂಗೈಗೆ ಅಂಗೈ ಕೂಡಿಸುತ್ತಾರೆ. ನಾವು, "ನಿಮ್ಮ ಹೊರೆ ನನ್ನ ಹಂತ್ಯಾಕ ಇರಲಿ," ಎನ್ನುತ್ತೇವೆ. ಹಂತ್ಯಾಕ ಎಂದರೆ ಹತ್ತಿರ, ಅಷ್ಟೆ. ಅವರು ಮೇಲೆ ಮುಟ್ಟಿದ ಗಳಿಗೆಗೆ ಭಾರ ನಮ್ಮ ಮೇಲೆ ಇಳಿಯುತ್ತದೆ. ಅವರು ಮರಳಿ ಬಂದು ಮತ್ತೆ ಅಂಗೈ ಕೂಡಿಸಿದಾಗ ಅದು ಅವರಿಗೆ ಹೋಗುತ್ತದೆ. ಒಪ್ಪಿಸುವಾಗ ಮಾತಿಲ್ಲ.

ನನ್ನ ಪಾಲಿಗೆ ಬಂದವಳು ಚಂಪಕ್ಕ. ಗಾಳಿಯ ದೆಸೆಯಿಂದ ಹಾರಾಟ ಮುಂದೆ ಹೋದದ್ದರಿಂದ ಎರಡು ದಿನ ನಮ್ಮ ಮನೆಯಲ್ಲೇ ಉಳಿದಳು. ದೂರದ ಪಟ್ಟಣದವಳು, ಅಲ್ಲಿ ಅವಳ ಹೋಳಿಗೆ ಅಂಗಡಿ ಇದೆ. ಆಳೆತ್ತರ, ಅದಕ್ಕೆ ತಕ್ಕ ಅಗಲ, ನಡೆದರೆ ಬಳೆಗಳ ಜೊತೆ ಬಾಗಿಲೂ ಸದ್ದು ಮಾಡುತ್ತಿತ್ತು. ಬಂದವಳೇ ನಮ್ಮ ಹಗ್ಗ ಹೆಣೆದ ಹೊರಸಿನ ಮೇಲೆ ಕೂತಳು. ಹೊರಸು ಕಿರ್ ಎಂದಿತು.

"ಹೆದರಬ್ಯಾಡ್ರಿ," ಎಂದಳು ಫಕೀರಪ್ಪನ ಮುಖ ನೋಡಿ. "ಮುರದ್ರ ಹೊಸಾದು ಕೊಡಸ್ತೀನಿ. ನನ್ನ ಲಗ್ನದಾಗ ಮಂಟಪದಾಗ ನಾ ಕುಂತ ಮಣಿನೂ ಹಿಂಗಽ ಒದರಿತ್ತು."

ಫಕೀರಪ್ಪ ನಕ್ಕ. "ಅದು ಮಣಿ ಒದರಿದ್ದಲ್ರಿ ಅಕ್ಕಾರ, ನಿಮ್ಮ ಯಜಮಾನ್ರು ಒದರಿರಬೇಕು."

"ಅಂವಾ? ಅಂವ ಇನ್ನೂ ಒದರಾಕ ಹತ್ಯಾನ."

ಹೀಗೆ ತನ್ನ ಮೈಯ ಮೇಲೆ ಬೇರೆಯವರು ಮಾತು ಹಾಕುವ ಮೊದಲೇ ತಾನೇ ಹಾಕಿಕೊಂಡು ನಗಿಸುತ್ತಿದ್ದಳು. ನಾನೂ ನಕ್ಕೆ. ಎರಡನೆಯ ದಿನ ಮಧ್ಯಾಹ್ನ, ಹೊರಗೆ ಮಣ್ಣು ಹಾರುತ್ತಿರುವಾಗ, ಕಿಟಕಿ ಮುಚ್ಚಿ ಇಬ್ಬರೇ ಕೂತಿದ್ದೆವು. ನನ್ನ ಕೈಯಲ್ಲಿದ್ದ ಕೌದಿಯ ಇನ್ನೊಂದು ಅಂಚನ್ನು ತಾನೂ ಹಿಡಿದು ಸೂಜಿ ಹಾಕುತ್ತಿದ್ದಳು. ಆಗ ಹೇಳಿದಳು.

"ಹತ್ತೊಂಬತ್ತಕ್ಕ ಆ ಮನಿಗೆ ಹೋದೆ. ಉಣ್ಣಾಕ ಕುಂತ್ರ ನಮ್ಮತ್ತಿ ಅನ್ನಾಕಿ, ಕೂಳಿಗೆ ದಂಡ, ಭೂಮಿಗೆ ಭಾರ. ಬೀಗರ ಮುಂದ ಅನ್ನಾಕಿ, ಬಳಿಗಾರನ ಮುಂದ ಅನ್ನಾಕಿ. ನಾನೂ ನಗತಿದ್ದೆ. ಮುಂದ ಮನಿ ನಡಸಾಕ ಹೋಳಿಗಿ ಮಾಡಾಕ ಹತ್ತಿದೆ. ಇವತ್ತ ಹನ್ನೊಂದು ಮಂದಿ ಹೆಣಮಕ್ಕಳು ನನ್ನ ಕೈಯಾಗ ಕೆಲಸ ಮಾಡತಾರ. ನಮ್ಮತ್ತಿ ಅದಽ ಹೋಳಿಗಿ ತಿಂದು ಅದಽ ಮಾತು ಅನ್ನಾಕಿ. ಕಡೀಗೆ ಬಾಯಾಗ ನೀರು ಬಿಡಾಕ ಹ್ವಾದೆ ನೋಡು, ಕಣ್ಣ ತಗದು, 'ಸರಕೋ, ಗಾಳಿ ಬಿಡು' ಅಂದ್ಲು. ಅದಽ ಕಡೀ ಮಾತು."

ಸೂಜಿ ಒಂದು ಸಲ ಒಳಗೆ ಹೋಗಿ ಹೊರಗೆ ಬಂತು.

"ಐವತ್ತು ತುಂಬಿದ ವರ್ಷ ಮಕ್ಕಳು ಏನ ಬೇಕವ್ವಾ ಅಂತ ಕೇಳಿದ್ರು. ನಾಕು ನಿಮಿಷ ಭೂಮಿಗೆ ಭಾರ ಆಗದಂಗ ಇರಬೇಕು ನಾನು ಅಂದೆ. ಅವರು ಚಾಷ್ಟಿ ಅಂದಕೊಂಡ್ರು. ಆಮ್ಯಾಲ ಈ ಸೀಟು ಹಿಡದ್ರು." ನನ್ನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು. "ನೀ ಇಷ್ಟಽ ಅದಿ. ನಂದು ಹೊತ್ತೀ ಏನು ನೀಲವ್ವ? ಯಾರರ ಗಟ್ಟಿ ಆಳು ಇದ್ರ ಹೇಳು, ನನಗ ಸಿಟ್ಟಿಲ್ಲ."

"ಹೊರೂದು ನೆಲ, ಅಕ್ಕಾ," ಎಂದೆ. "ನಾನು ನಡುವ ಸುಮ್ನ ಕುಂದರಾಕಿ."

ಅದು ನಮ್ಮವ್ವ ಹೇಳುತ್ತಿದ್ದ ಮಾತು. ಬಾಯಿಗೆ ಬಂತೇ ಹೊರತು ಅದರ ಅರ್ಥ ಆಗ ನನ್ನೊಳಗೆ ಇಳಿದಿರಲಿಲ್ಲ ಎಂದು ಈಗ ತಿಳಿಯುತ್ತದೆ.

ಗಾಳಿ ನಿಂತ ಆ ಬೆಳಿಗ್ಗೆ ಕ್ಯಾಪ್ಟನ್ನನ ಜೊತೆ ಆರೂ ಜನ ಪ್ರಯಾಣಿಕರು ಗುಡಿಗೆ ಬಂದರು. ಒಬ್ಬರು ನಿವೃತ್ತ ಜಡ್ಜ್ ಸಾಹೇಬರು, ಹೊಸದಾಗಿ ಮದುವೆಯಾದ ಒಂದು ಜೋಡಿ, ಮತ್ತಿಬ್ಬರು ಅಣ್ಣತಮ್ಮ. ಎಲ್ಲರೂ ಕಂಪನಿಯ ನೀಲಿ ಅಂಗಿ ತೊಟ್ಟಿದ್ದರು. ಚಂಪಕ್ಕನ ಅಂಗಿಯನ್ನು ಬಗಲಲ್ಲಿ ಬಿಚ್ಚಿ ಬೇರೆ ಬಟ್ಟೆ ಕೂಡಿಸಿ ಹೊಲಿದಿದ್ದರು. ಆ ಹೊಲಿಗೆಯನ್ನು ಮರೆಮಾಡಲು ಅವಳು ತೋಳನ್ನು ಮೈಗೆ ಒತ್ತಿ ಹಿಡಿದೇ ನಡೆದು ಬಂದಳು. ಎರಡು ದಿನ ನಗಿಸಿದ ಹೆಂಗಸು ಅಂದು ನಗಲಿಲ್ಲ. ನನ್ನೆದುರು ಕೂತು ಅಂಗೈ ಕೂಡಿಸಿದಾಗ ಅವಳ ಬೆರಳು ತಣ್ಣಗಿದ್ದವು. ಅವನ್ನು ಒತ್ತಿ ಹಿಡಿದೆ. ಬಾಯಿ ತೆರೆದೆ. "ನಿಮ್ಮ ಹೊರೆ ನನಗ ಇರಲಿ," ಎಂದೆ.

ನನ್ನ ಹಂತ್ಯಾಕ ಎನ್ನುವ ಕಡೆ ನನಗ ಎಂದುಬಿಟ್ಟಿದ್ದೆ. ಗುಡಿಯ ಹಿರಿಯ ಬಾಳಜ್ಜ ನನ್ನ ಬಲಕ್ಕೇ ಕೂತಿದ್ದ. ಈ ಕ್ಯಾಪ್ಟನ್ನನ ಹೊರೆ ಯಾವಾಗಲೂ ಅವನದೇ. ಹನ್ನೊಂದು ವರ್ಷದಿಂದ ಹೊತ್ತು ಹೊತ್ತು, ಕ್ಯಾಪ್ಟನ್ನನಿಗೆ ಜ್ವರ ಬರುವ ಮೊದಲೇ ತನಗೆ ತಿಳಿಯುತ್ತದೆ ಎನ್ನುತ್ತಿದ್ದ. ಅವನೂ ತನ್ನ ಮಾತು ಹೇಳುವುದರಲ್ಲಿದ್ದ, ನನ್ನದು ಕೇಳಲಿಲ್ಲ. ನಾನೂ ತಿದ್ದಲಿಲ್ಲ. ಒಂದು ಮಾತು ಹೆಚ್ಚುಕಡಿಮೆಯಾದರೆ ಏನಾದೀತು, ನೆಲದಮ್ಮ ನನ್ನ ಮನಸ್ಸು ಬಲ್ಲಳು ಎಂದುಕೊಂಡೆ.

ರಾಕೆಟ್ಟು ಎದ್ದ ಸದ್ದು ನಮಗೆ ಕಿವಿಗಿಂತ ಮೊದಲು ಚಪ್ಪಡಿಯಲ್ಲಿ ಕೇಳುತ್ತದೆ. ಕಲ್ಲು ಬೆಕ್ಕಿನಂತೆ ಗುರುಗುಟ್ಟಿತು, ಆಮೇಲೆ ಸುಮ್ಮನಾಯಿತು. ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಭಾರ ಬಂತು. ಮೊದಲು ಹೆಗಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ತೊಡೆಗಳು ನೆಲಕ್ಕೆ ಅಂಟಿಕೊಂಡವು. ಭಾರದ ಜೊತೆ ಆ ಮನುಷ್ಯರ ಸಂಗತಿಯೂ ಒಂದಿಷ್ಟು ಬರುತ್ತದೆ. ಚಂಪಕ್ಕನ ಎಡಮೊಣಕಾಲಿನ ನೋವು ಬಂತು, ಹಂಚಿನ ಬಿಸಿಗೆ ಒರಟಾದ ಹೆಬ್ಬೆರಳು ಬಂತು. ನಡುವೆ ಒಮ್ಮೆ ಆ ಭಾರವೆಲ್ಲ ಸಣ್ಣಗೆ ಕುಲುಕಿತು. ಮೇಲೆ ಅವಳು ನಗುತ್ತಿದ್ದಾಳೆಂದು ತಿಳಿದು ನನಗೂ ಕಣ್ಣಲ್ಲಿ ನೀರು ಬಂತು.

ಇಳಿದ ಮೇಲೆ ಜೀಪಿನಲ್ಲಿ ಅವರನ್ನು ಗುಡಿಯ ಬಾಗಿಲಿಗೆ ಕರೆತಂದರು. ಅಷ್ಟಿಷ್ಟು ಗಾಳಿ ಇದ್ದರೂ, ಮೈಭಾರವಿಲ್ಲದ ಅವರು ಹಾರಿಹೋಗದ ಹಾಗೆ ಒಬ್ಬೊಬ್ಬರ ತೋಳಿಗೆ ಇಬ್ಬಿಬ್ಬರು ಹಿಡಿದುಕೊಳ್ಳಬೇಕು, ಅಂದು ಬೇಕಾಗಲಿಲ್ಲ. ಚಂಪಕ್ಕ ಮೆಟ್ಟಿಲಿಳಿದು ಬಂದಳು. ಅಡಿಯಿಟ್ಟಲ್ಲಿ ಮಣ್ಣೇಳಲಿಲ್ಲ. ತೋಳು ಮೈಗೆ ಒತ್ತಿರಲಿಲ್ಲ, ಎರಡೂ ಬಗಲಿನ ಹೊಲಿಗೆ ಊರಿಗೆಲ್ಲ ಕಾಣುತ್ತಿತ್ತು.

"ನೀಲವ್ವಾ!" ಎಂದು ಎದುರು ಕೂತಳು. "ಹಗಲೊತ್ತಿನಾಗ ಆಕಾಶ ಕಪ್ಪು ನೋಡು, ಅಗದಿ ಕಾಡಿಗಿ. ಅದರ ಕೆಳಗ ಕೈಬಳಿ ಅಂಚಿನಷ್ಟಽ ತೆಳ್ಳಗ ನೀಲಿ. ನಾವೆಲ್ಲಾ ಅದರಾಗ ಅದೀವಂತ! ನಾ ತಿರುಗಿ ನೋಡಾಕ ಹೋಗಿ ಜಡ್ಜ್ ಸಾಹೇಬ್ರ ಹೊಟ್ಟಿಗೆ ಡಿಕ್ಕಿ ಹೊಡದೆ. ಅವರು ತಪ್ಪಾತು ಅಂದ್ರು. ಅವರು! ನನಗ ಯಾರೂ ದಾರಿ ಬಿಟ್ಟು ತಪ್ಪಾತು ಅಂದಿದ್ದಿಲ್ಲ."

ಅಂಗೈ ಕೂಡಿಸಿದೆವು. ಸುತ್ತ ಉಳಿದವರೆಲ್ಲ ಒಬ್ಬೊಬ್ಬರಾಗಿ ಉಸ್ಸೆಂದು ತಮ್ಮತಮ್ಮ ಮೈಗೆ ಮರಳಿದರು. ನನ್ನ ಮೇಲಿನದು ಅಲುಗಲಿಲ್ಲ. ಇನ್ನಷ್ಟು ಹೊತ್ತು ಹಿಡಿದೆ. ಅಲುಗಲಿಲ್ಲ. ಬೆಳಿಗ್ಗೆ ನಾನಾಡಿದ ಮಾತು ಆಗ ನನಗೆ ನೆಟ್ಟಗೆ ನೆನಪಾಯಿತು.

"ಇನ್ನೂ ಹಗರ ಅನಸತೈತಿ," ಎಂದಳು ಮೆಲ್ಲಗೆ, ಹೆದರಿದವಳ ಹಾಗೆ.

ಆಗಲೇ ಬಾಳಜ್ಜನನ್ನು ಕೂಗಬೇಕಿತ್ತು. ಆದರೆ ಅವಳ ಮುಖ ನೋಡಿದೆ. ಹೆದರಿಕೆಯ ಹಿಂದೆ ಇನ್ನೊಂದು ಇತ್ತು, ಕಸಿದುಕೊಳ್ಳಬೇಡಿ ಎನ್ನುವಂಥದು. "ಒಬ್ಬೊಬ್ಬರಿಗೆ ಸಾವಕಾಶ ಬರತೈತಿ ಅಕ್ಕಾ," ಎಂದೆ. ಅದು ಸುಳ್ಳು. ಗುಡಿಯೊಳಗೆ, ದೇವಿಯ ಮುಂದೆ ಕೂತು ಆಡಿದ ಸುಳ್ಳು. ಮಧ್ಯಾಹ್ನದ ಬಸ್ಸಿಗೆ ಅವಳು ಊರಿಗೆ ಹೋದಳು. ಬಸ್ಸಿನ ಮೆಟ್ಟಿಲನ್ನು ಹುಡುಗಿಯ ಹಾಗೆ ಒಂದೇ ನೆಗೆತಕ್ಕೆ ಏರಿದ್ದನ್ನು ಗುಡಿಯ ಬಾಗಿಲಿನಿಂದ ಕಂಡೆ. ಒಳ್ಳೆಯದನ್ನೇ ಮಾಡಿದೆನೆಂದು ಗೋಡೆ ಹಿಡಿದು ಎದ್ದೆ.

ಮನೆಗೆ ಬಂದು ಹೊರಸಿನ ಮೇಲೆ ಕೂತೆ, ಹಗ್ಗ ಹರಿದು ನೆಲಕ್ಕೆ ಬಿದ್ದೆ. ಎರಡು ದಿನ ಚಂಪಕ್ಕನನ್ನು ತಾಳಿದ ಹೊರಸು ಅವಳನ್ನೂ ನನ್ನನ್ನೂ ಕೂಡಿ ತಾಳಲಿಲ್ಲ. ಫಕೀರಪ್ಪ ಓಡಿ ಬಂದು ಎತ್ತಲು ನೋಡಿದ, ಎತ್ತಲಾಗಲಿಲ್ಲ. "ಏನ ತಿಂದೀ ನೀ ಗುಡ್ಯಾಗ? ಚಪ್ಪಡಿ ನುಂಗಿ ಏನು?" ಎಂದ. ಮಾತು ತೇಲಿಸಿದೆ. ಸೂಜಿ ಹಿಡಿದರೆ ಬೆರಳ ಭಾರಕ್ಕೆ ಸೂಜಿ ಮುರಿಯಿತು. ದಿನಕ್ಕೆ ಹತ್ತು ಗೇಣು ಹೊಲಿಯುವವಳು ಒಂದು ಗೇಣೂ ಹೊಲಿಯಲಿಲ್ಲ. ಬಚ್ಚಲಿನ ಎರಡು ಮೆಟ್ಟಿಲು ಇಳಿಯಲು ಹೊತ್ತು ಹಿಡಿಯುತ್ತಿತ್ತು. ಮೂರನೆಯ ದಿನಕ್ಕೆ ಮೊಣಕಾಲು ಬಾತು, ನಾಲ್ಕನೆಯ ದಿನ ಉಸಿರು ಅರ್ಧಕ್ಕೆ ನಿಲ್ಲತೊಡಗಿತು. ಆದರೂ ಸುಮ್ಮನಿದ್ದೆ. ಒಳಗೊಳಗೆ ಒಂದು ಹಿಗ್ಗು ಇತ್ತೆಂದು ಒಪ್ಪಿಕೊಳ್ಳಬೇಕು. ಊರಲ್ಲಿ ಯಾರೂ ಮಾಡದ ಪುಣ್ಯ ನಾನು ಮಾಡುತ್ತಿದ್ದೇನೆ ಎಂಬ ಹಿಗ್ಗು.

ಐದನೆಯ ದಿನ ಬಾಳಜ್ಜ ಬಂದ. ಅಂಗಳ ಸಾರಿಸಿದ ಹಸಿ ಇನ್ನೂ ಆರಿರಲಿಲ್ಲ. ಅವನು ಒಳಗೆ ಬರಲಿಲ್ಲ, ಅಂಗಳದಲ್ಲೇ ಕೂತು ನನ್ನ ಹೆಜ್ಜೆಯ ಗುರುತಿನೊಳಗೆ ಬೆರಳಿಟ್ಟ. ಎರಡು ಗೆಣ್ಣು ಒಳಗೆ ಹೋಯಿತು.

"ಇದು ನಿನ್ನ ಹೆಜ್ಜಿ ಅಲ್ಲ, ನೀಲಿ," ಎಂದ.

ಎಲ್ಲ ಹೇಳಿದೆ. ಫಕೀರಪ್ಪ ಬಾಗಿಲಲ್ಲಿ ನಿಂತು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡ. ಬಾಳಜ್ಜ ಮಾತ್ರ ದನಿ ಏರಿಸಲಿಲ್ಲ.

"ಹಂತ್ಯಾಕ ಇಟ್ಟದ್ದು ತಾನಽ ಮನಿಗೆ ಹೋಗತೈತಿ. ನನಗ ಅಂದದ್ದು ಹೋಗೂದಿಲ್ಲ. ಅದರ ಒಡತಿ ಬಾಯಿ ಬಿಟ್ಟು ಕೇಳಬೇಕು. ಒಂಬತ್ತನೇ ದಿನಾ ಹೊತ್ತು ಮುಳಗೂದ್ರಾಗ ಕೇಳಲಿಲ್ಲಂದ್ರ ಅದು ನಿನ್ನ ಎಲಬಿಗೆ ಇಳೀತೈತಿ. ನಿಮ್ಮವ್ವನ ಕಾಲದಾಗ ಒಬ್ಬಾಂವ ಹಂಗ ಇಟಗೊಂಡಿದ್ದ. ಮತ್ತ ಎದ್ದು ನಿಲ್ಲಲಿಲ್ಲ."

"ನಾ ಕೆಟ್ಟದ್ದು ಮಾಡಿಲ್ಲಜ್ಜಾ. ಅಕಿ ಎಷ್ಟು ನೊಂದಿದ್ಲು."

"ನೊಂದಿದ್ಲು, ಖರೆ. ಆದ್ರ ಅಕೀಗೆ ತಿಳಿಸದ ಇಟಗೊಂಡಿ. ಅದಕ್ಕ ಪುಣ್ಯ ಅನ್ನೂದಿಲ್ಲವ್ವಾ, ಕಳವು ಅಂತಾರ." ಬೆರಳಿನ ಹಸಿ ಮಣ್ಣು ಒರೆಸಿಕೊಂಡು ಹೇಳಿದ, "ನೆಲದಮ್ಮ ಎಲ್ಲಾರ ಹೊರೆ ಹೊರತಾಳ. ಯಾರದಕ್ಕೂ ನಂದು ಅನ್ನೂದಿಲ್ಲ. ಅದಕ್ಕಽ ಅಕಿಗೆ ಸುಸ್ತಿಲ್ಲ."

ಫಕೀರಪ್ಪನೇ ಫೋನು ಹಚ್ಚಿ ಕೊಟ್ಟ. ಚಂಪಕ್ಕ ಎಲ್ಲ ಕೇಳಿಸಿಕೊಂಡಳು. ಆ ಕಡೆ ಹಂಚಿನ ಮೇಲೆ ಎಣ್ಣೆ ಚುರುಗುಟ್ಟುವುದು ಕೇಳುತ್ತಿತ್ತು.

"ನೀನಽ ನನಗ ಇರಲಿ ಅಂದೀ ಅಲ್ಲ," ಎಂದಳು ಕೊನೆಗೆ. "ಇರಲಿ ಬಿಡು ಹಂಗಾರ." ಫೋನು ಇಟ್ಟಳು.

ಫಕೀರಪ್ಪ ಅವಳಿಗೆ ಬೈದ ಬೈಗುಳ ಇಲ್ಲಿ ಬೇಡ. ನನಗೆ ಸಿಟ್ಟು ಬರಲಿಲ್ಲ. ಹಗುರವನ್ನು ಕೊಟ್ಟವಳ ಹಾಗೆ ಮಾತಾಡಿದವಳು ನಾನು, ಕೊಟ್ಟದ್ದನ್ನು ಬೇಡವೆನ್ನಲು ಅವಳೇಕೆ ಬರಬೇಕು? ಆರನೆಯ ದಿನ, ಏಳನೆಯ ದಿನ ಎದ್ದು ಕೂರುವುದೂ ಆಗಲಿಲ್ಲ. ನನ್ನನ್ನು ಎತ್ತಿನ ಬಂಡಿಯಲ್ಲಿ ಗುಡಿಗೆ ಒಯ್ದು ಚಪ್ಪಡಿಯ ಮಗ್ಗುಲಲ್ಲೇ ಇಳಿಸಿದರು. ನೆಲಕ್ಕೆ ಮುಖ ಹಚ್ಚಿ ಮಲಗಿದೆ. ತಾಯೀ, ಇದನ್ನು ಇಳಿಸು ಎಂದು ಬೇಡಲು ಬಾಯಿ ಬರಲಿಲ್ಲ. ಇಳಿಸಿದರೆ ಎಲ್ಲಿ ಇಳಿಸಬೇಕು, ಅದು ಒಬ್ಬ ಹೆಂಗಸಿನದು. ಅವಳಿಗೆ ಒಳ್ಳೆಯದಾಗಲಿ ಎಂದಷ್ಟೇ ಬೇಡಿಕೊಂಡೆ. ಬೇಡಿಕೊಳ್ಳುತ್ತ, ಅವಳಿಗೆ ಒಳ್ಳೆಯದು ಯಾವುದೆಂದು ನನಗೆ ಗೊತ್ತಿಲ್ಲ ಎಂಬುದು ತಿಳಿದು, ಅಷ್ಟು ದಿನ ಇದ್ದ ಆ ಹಿಗ್ಗು ಹೋಯಿತು.

ಎಂಟನೆಯ ದಿನ ಮತ್ತೆ ಗಾಳಿ ಎದ್ದಿತ್ತು. ಮಧ್ಯಾಹ್ನದ ಬಸ್ಸಿನಿಂದ ಚಂಪಕ್ಕ ಒಬ್ಬಳೇ ಇಳಿದಳು. ಎರಡೂ ಕೈಯಲ್ಲಿ ಒಂದೊಂದು ಚೀಲ ಕಡಲೆಬೇಳೆ, ಹಾರಿಹೋಗದ ಹಾಗೆ. ಆದರೂ ಗಾಳಿ ಅವಳನ್ನು ಅಡ್ಡಡ್ಡ ತಳ್ಳುತ್ತಿತ್ತು. ಆ ದೊಡ್ಡ ಮೈ ಒಣಹಾಕಿದ ಬಟ್ಟೆಯ ಹಾಗೆ ಹೊಯ್ದಾಡುವುದನ್ನು ನೋಡಲಾಗದೆ ಬಾಳಜ್ಜ ಹೋಗಿ ತೋಳು ಹಿಡಿದು ಒಳಗೆ ತಂದ. ಅವಳು ಮಲಗಿದ್ದ ನನ್ನೆದುರು ಕೂತು, ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನ್ನ ಮೊಣಕಾಲು ನೋಡಿದಳು.

"ನಾಕು ದಿನ ಭಾಳ ಚಲೋ ಇತ್ತು," ಎಂದಳು. "ಮಾಳಿಗಿ ಮೆಟ್ಟಲಾ ಹತ್ತೂದೇನು, ಇಳಿಯೂದೇನು. ಆಮ್ಯಾಲ ಹಬ್ಬದ ಹೋಳಿಗಿ ಬಂತು. ಕಣಕಾ ನಾದಾಕ ಕುಂತ್ರ ಕೈ ಹಿಟ್ಟಿನ ಮ್ಯಾಲಽ ನಿಂದರತಾವ, ಒಳಗ ಹೋಗೂದಿಲ್ಲ. ಕಣಕಾ ನಾದೂದು ಬರೇ ಕೈ ಅಲ್ಲ ನೀಲವ್ವ, ಹಿಂದಿಂದ ಇಡೀ ಮೈ ಬರಬೇಕು. ನನ್ನಂಗ ನಾದಾವ್ರು ಆ ಪ್ಯಾಟ್ಯಾಗ ಇಲ್ಲ. ಯಾಕಂತ ನನಗಽ ಗೊತ್ತಿದ್ದಿಲ್ಲ. ಹನ್ನೊಂದು ಮಂದಿನೂ ಸುಮ್ನ ನಿಂತು ನನ್ನ ಕೈ ನೋಡಿದ್ರು."

ಚೀಲದ ಕಿವಿಯನ್ನು ತಿರುಚುತ್ತ ಕೂತಳು.

"ಮಗಳ ಕೂಸು ನನ್ನ ತೊಡಿ ಬಿಟ್ಟು ಮಲಗತಿದ್ದಿಲ್ಲ. ಈಗ ಮಲಗಿಸಿದ್ರ ಕಣ್ಣ ಬಿಡತೈತಿ. ತೊಡಿಯಾಗ ಯಾರೂ ಇಲ್ಲ ಅನ್ನೂವಂಗ ಆಕಡೆ ಈಕಡೆ ನೋಡತೈತಿ, ಅಳತೈತಿ. ನೀ ಫೋನ್ ಮಾಡಿದಾಗ ನನಗ ಇದೆಲ್ಲಾ ಗೊತ್ತಾಗಿತ್ತು. ಗೊತ್ತಾಗಿತ್ತಂತಽ ಸಿಟ್ಟು ಬಂತು."

"ತಪ್ಪು ನಂದು ಅಕ್ಕಾ," ಎಂದೆ.

"ನಿಂದಽ," ಎಂದಳು. ಈಗ ನೆಟ್ಟಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟಳು. "ನಮ್ಮತ್ತಿ ನನ್ನ ಮೈಗೆ ಭಾರ ಅಂದ್ಲು, ಬೈದ್ಲು. ನೀನೂ ಭಾರ ಅಂತಽ ತಿಳದಿ, ಮರಗಿದಿ. ಅಕಿ ಬಾಯಿ ಕೆಟ್ಟದು, ನಿನ್ನ ಬಾಯಿ ಚಲೋದು, ಅಷ್ಟಽ ಫರಕು. ನಾಕು ನಿಮಿಷ ಇಳಿಸಿ ಕುಂದರಬೇಕು ಅಂತ ಬಂದಿದ್ದೆ ನಾ. ಬಿಟ್ಟು ಹೋಗಾಕ ಬಂದಿದ್ದಿಲ್ಲ."

ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ, ಅವಳು ಬಂದರೆ ಹೀಗೆ ಅನ್ನುತ್ತೇನೆ ಹಾಗೆ ಅನ್ನುತ್ತೇನೆ ಎನ್ನುತ್ತಿದ್ದವನು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳ ಮಾತು ನನಗೆ ಚುಚ್ಚಲಿಲ್ಲ. ಎಂಟು ದಿನದಿಂದ ಹೆಗಲ ಮೇಲಿದ್ದುದರ ನಿಜವಾದ ಹೆಸರು ಯಾರೋ ಹೇಳಿದ ಹಾಗಾಯಿತು. ಅದರಲ್ಲಿ ಹಿಟ್ಟು ನಾದುವ ಶಕ್ತಿ ಇತ್ತು, ಕೂಸು ಮಲಗುವ ತೊಡೆ ಇತ್ತು. ನಾನು ಅದನ್ನು ಬರೀ ನೋವೆಂದು ಬಗೆದು ಹೊತ್ತಿದ್ದೆ.

ಚಂಪಕ್ಕ ಬೇಳೆಯ ಚೀಲಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಚೀಲ ಇಳಿದದ್ದೇ ಅವಳು ಕೂತಲ್ಲಿಂದ ಒಂದಿಷ್ಟು ಮೇಲೆದ್ದಳು. ಬಾಳಜ್ಜ ಅವಳ ಹೆಗಲ ಮೇಲೆ ಒಂದು ಕೈ ಇಟ್ಟು ಹಿಡಿದ.

"ಅದು ನಂದು ನೀಲವ್ವ," ಎಂದಳು. "ಕೊಡು."

ಹೊರಗೆ ಗಾಳಿಯ ಸದ್ದಿತ್ತು. ನಾನು ಕೈ ಎತ್ತಿದೆ. ಎತ್ತಲು ಹೊತ್ತಾಯಿತು. ಅವಳು ಅವಸರ ಮಾಡದೆ ಎರಡೂ ಅಂಗೈ ಒಡ್ಡಿಕೊಂಡು ಕಾದಳು. ಅಂಗೈಗೆ ಅಂಗೈ ಕೂಡಿದಾಗ ಮೊದಲು ಮೊಣಕಾಲಿನದು ಹೋಯಿತು, ಆಮೇಲೆ ಸೊಂಟದ್ದು. ಹೆಗಲಿನದು ಕೊನೆಯಲ್ಲಿ ಸ್ವಲ್ಪ ತಡೆಯಿತು, ಅಲ್ಲಿ ನನ್ನ ಕೈಯೇ ಎಲ್ಲೋ ಇನ್ನೂ ಬಿಗಿಯಾಗಿತ್ತು. ಬೆರಳು ಸಡಿಲಿಸಿದೆ. ಅವಳು ಕಣ್ಣು ಮುಚ್ಚಿ, ನೆಲಕ್ಕೆ ಇಳಿದು, ತನ್ನದನ್ನು ಚೂರೂ ಬಿಡದೆ ತೆಗೆದುಕೊಂಡಳು.